ಹನ್ನೊಂದು ಹುಣಸೆಮರ, ಒಂದು ಊದಿನಕಡ್ಡಿ

ಕಸ್ತೂರಿಬಾಯಿ ಯಾರನ್ನೂ ಸುಲಭಕ್ಕೆ ನಂಬಿದವಳಲ್ಲ. ಸಂತೆಯಲ್ಲಿ ತಕ್ಕಡಿಯ ತಟ್ಟೆಗಳನ್ನು ಅದಲುಬದಲು ಮಾಡಿಸಿ ಮತ್ತೊಮ್ಮೆ ತೂಗಿಸುವಳು. ಹುಣಸೆಹಣ್ಣಿನ ವ್ಯಾಪಾರ ಅವಳಿಗೆ ಈ ಗುಣ ಕಲಿಸಿತೋ, ಈ ಗುಣವೇ ಅವಳನ್ನು ಆ ವ್ಯಾಪಾರಕ್ಕೆ ತಂದಿತೋ, ಹೇಳುವುದು ಕಷ್ಟ.

ಅಂದೋಲಾಕ್ಕೆ ಹೋಗುವ ದಾರಿಯಲ್ಲಿದ್ದ ಅವಳ ಊರಿನಲ್ಲಿ ದೇವಸ್ಥಾನದ ಹನ್ನೊಂದು ಹುಣಸೆಮರಗಳಿದ್ದವು. ಪ್ರತಿ ಪುಷ್ಯಮಾಸದಲ್ಲಿ, ಕಾಯಿ ಇನ್ನೂ ಮರದಲ್ಲಿರುವಾಗಲೇ, ಆ ವರ್ಷದ ಫಸಲನ್ನು ಚಾವಡಿಯ ಮುಂದೆ ಹರಾಜು ಹಾಕುತ್ತಿದ್ದರು. ಮೊದಲೆಲ್ಲ ಒಂದು ಸಲ, ಎರಡು ಸಲ, ಮೂರು ಸಲ ಎಂದೇ ಕೂಗುತ್ತಿದ್ದರಂತೆ. ಕೂಗುವವನು ತನ್ನ ಬೀಗರಿಗಾಗಿ ಮೂರನೆಯ ಸಲವನ್ನು ಬೇಗ ಮುಗಿಸುತ್ತಾನೆಂದು ಜಗಳವಾಯಿತು. ಗಡಿಯಾರ ಇಡೋಣವೆಂದರೆ ಊರಲ್ಲಿದ್ದ ಮೂರು ಗಡಿಯಾರಗಳು ಮೂರು ಹೊತ್ತು ತೋರಿಸುತ್ತಿದ್ದವು. ಕಡೆಗೆ ಹಿರಿಯರು ಊದಿನಕಡ್ಡಿ ಹಚ್ಚಿಟ್ಟರು. ಅದು ಉರಿಯುವವರೆಗೆ ಯಾರು ಬೇಕಾದರೂ ಕೂಗಬಹುದು. ಕೆಂಡ ಆರಿದಾಗ ಕಡೆಯ ದರ ಯಾರದೋ ಫಸಲು ಅವರದು. ಕಡ್ಡಿಗೆ ಬೀಗರಿಲ್ಲವಲ್ಲ!

ಟೊಂಗೆ ನೋಡಿ ಫಸಲು ಹೇಳುವುದರಲ್ಲಿ ಕಸ್ತೂರಿಬಾಯಿಯನ್ನು ಮೀರಿಸುವವರಿರಲಿಲ್ಲ. ಅವಳು ಮೊದಲೇ ಬಾಯಿಬಿಟ್ಟರೆ, ಇವಳು ಕೂಗಿದಳೆಂದರೆ ಮರದಲ್ಲಿ ಮಾಲಿದೆ ಎಂದು ಎಲ್ಲರೂ ಏರಿಸುತ್ತಿದ್ದರು. ಅದಕ್ಕೇ ಎಲೆಅಡಿಕೆ ಜಗಿಯುತ್ತ ತುಟಿಪಿಟಕ್ಕೆನ್ನದೆ ಕೂತು, ಕೆಂಡ ಬುಡಕ್ಕೆ ಬಂದಾಗ ಒಂದೇ ಸಲ ಕೂಗುವಳು. ಉಳಿದವರು ಯೋಚಿಸುವಷ್ಟರಲ್ಲಿ ಕಡ್ಡಿ ಆರಿರುತ್ತಿತ್ತು. ಒಂಬತ್ತು ವರ್ಷ ಹೀಗೇ ಗೆದ್ದಳು. ಗಂಡನಿಲ್ಲದ ಅವಳ ಸಂಸಾರ ನಿಂತದ್ದೇ ಆ ಹನ್ನೊಂದು ಮರಗಳ ಮೇಲೆ.

ಅವಳು ಕೂಗುವ ದರ ಮೊದಲೇ ಗೊತ್ತಿರುತ್ತಿದ್ದದ್ದು ಗೆಳತಿ ಖುರ್ಷಿದಳಿಗೆ ಮಾತ್ರ. ಇಬ್ಬರೂ ಕೂಡಿ ಮರ ಸುತ್ತುವರು, ಕೂಡಿ ಹುಣಸೆ ಕುಟ್ಟಿ ಬೀಜ ತೆಗೆಯುವರು, ಬಂದದ್ದನ್ನು ಹಂಚಿಕೊಳ್ಳುವರು.

೧೯೮೨ರಲ್ಲಿ ದೌಲತರಾಯನೆಂಬ ಹೊಲಗದ್ದೆಯುಳ್ಳ ಸಾಹುಕಾರ ಹರಾಜಿಗೆ ಬಂದ. ಕಸ್ತೂರಿಬಾಯಿ "ಎಂಟುನೂರು!" ಎಂದಳೋ ಇಲ್ಲವೋ, "ಮ್ಯಾಲ ಐದು!" ಎಂದ. ಕೆಂಡ ಆರಿತು.

ಮೊದಲೇ ಗೊತ್ತಿಲ್ಲದೆ ಯಾರಾದರೂ ಇಷ್ಟು ಚುರುಕಾಗಿ ಕೂಗುತ್ತಾರೆಯೇ? ಕಸ್ತೂರಿಬಾಯಿಯ ತಲೆಯಲ್ಲಿ ಹುಳ ಹೊಕ್ಕಿತು. ಖುರ್ಷಿದ ಹೊಸ ಸೀರೆ ಉಟ್ಟರೆ ಇದು ಯಾರ ದುಡ್ಡು ಎನ್ನಿಸಿತು. ದೌಲತರಾಯನ ಮನೆಗೆ ಮಜ್ಜಿಗೆಗೆ ಹೋದರೆ ಇಷ್ಟು ಹೊತ್ತೇಕೆ ಎನ್ನಿಸಿತು. ಆ ವರ್ಷ ಖುರ್ಷಿದಳೂ ತನ್ನಂತೆಯೇ ಕೂಲಿಗೆ ಹೋದದ್ದನ್ನು ಕಣ್ಣಾರೆ ಕಂಡರೂ, ನಾಟಕ ಎಂದುಕೊಂಡಳು. ನೇರವಾಗಿ ಕೇಳಲಿಲ್ಲ, ಕೇಳಿದರೆ ಸುಳ್ಳೇ ಹೇಳುತ್ತಾಳೆಂದು ಅದನ್ನೂ ತಾನೇ ತೀರ್ಮಾನಿಸಿಬಿಟ್ಟಿದ್ದಳು.

ಮರುವರ್ಷ ಹರಾಜಿನ ಹಿಂದಿನ ದಿನ ಬೇಕೆಂದೇ ಸುಳ್ಳು ದರ ಹೇಳಿದಳು.

"ಒಂಬತ್ತುನೂರರ ಮ್ಯಾಲ ಒಂದು ರೂಪಾಯಿ ಹೋಗಂಗಿಲ್ಲ ನೋಡಬೇ."

"ನಿನಗ ತಿಳದಂಗ ಮಾಡು," ಎಂದಳು ಖುರ್ಷಿದ.

ಮರುದಿನ ಕೆಂಡ ಬುಡಕ್ಕೆ ಬಂತು. ಕಸ್ತೂರಿಬಾಯಿ ಪಕ್ಕಕ್ಕೆ ತಿರುಗಿ ಎಲೆಅಡಿಕೆ ಉಗುಳಿ, "ಸಾವಿರದ ನೂರು!" ಎಂದಳು.

"ಮ್ಯಾಲ ಐದು!" ಎಂದ ದೌಲತರಾಯ, ಅದೇ ಚುರುಕಿನಲ್ಲಿ. ಕೆಂಡ ಆರಿತು.

ಸಾವಿರದ ನೂರು ಅವಳ ಹೊಟ್ಟೆಯೊಳಗಿನ ಗುಟ್ಟು, ಯಾರಿಗೂ ಹೇಳಿರಲಿಲ್ಲ. ಒಂಬತ್ತುನೂರು ಎಂದು ತಿಳಿದಿದ್ದರೆ ದೌಲತರಾಯ ತಡವರಿಸಬೇಕಿತ್ತು. ಹಾಗಾದರೆ ಖುರ್ಷಿದ ಹೇಳಿಲ್ಲ, ಹೋದ ವರ್ಷವೂ ಹೇಳಿರಲಿಕ್ಕಿಲ್ಲ. ಕಸ್ತೂರಿಬಾಯಿ ತಿರುಗಿದರೆ ಖುರ್ಷಿದ ಅವಳನ್ನೇ ನೋಡುತ್ತಿದ್ದಳು. ನಿನ್ನೆ ಒಂಬತ್ತುನೂರು ಎಂದು ಕೇಳಿದವಳು ಇವತ್ತು ಸಾವಿರದ ನೂರು ಕೇಳಿದ್ದಳು. ಗೆಳತಿ ತನ್ನನ್ನು ಪರೀಕ್ಷೆಗೆ ಹಚ್ಚಿದ್ದಳೆಂದು ಬಿಡಿಸಿ ಹೇಳಬೇಕಿರಲಿಲ್ಲ.

"ನಿನ್ನ ದರ ಅಂವಗ ಹೆಂಗ ಗೊತ್ತಾಗ್ತದ ಅಂತ ನಾ ಇವತ್ತ ಅವನ್ನ ಬಿಟ್ಟು ಬ್ಯಾರೆ ಕಡಿ ನೋಡ್ಲಿಲ್ಲ," ಎಂದಳು ಖುರ್ಷಿದ ಮೆಲ್ಲಗೆ. "ದರಾ ಗೊತ್ತೇ ಇಲ್ಲಬೇ ಅಂವಗ. ನಿನ್ನ ಬಾಯಿ ನೋಡ್ತಾನ. ನೀ ಎಲಿ ಉಗುಳಿದಿ ಅಂದ್ರ ಈಗ ಕೂಗ್ತಿ ಅಂತ ತಯಾರಾಗ್ತಾನ. ಮ್ಯಾಲ ಐದು ಅನ್ನಾಕ ಅಂವಗ ಯಾರ ಹೇಳಿಕೊಡಬೇಕು?"

ಅಷ್ಟು ಹೇಳಿ ಸೆರಗು ಸರಿಮಾಡಿಕೊಂಡು ಹೊರಟುಹೋದಳು. ಆ ವರ್ಷವೂ ಇವಳ ಮನೆಯಿಂದ ಹೋಳಿಗೆ ಹೋಯಿತು, ಅವಳ ಮನೆಯಿಂದ ರಂಜಾನಿನ ಸುರಕುಂಬಾ ಪಾಯಸ ಬಂತು. ಮಾತು ಮಾತ್ರ ಮೊದಲಿನಂತಾಗಲಿಲ್ಲ. ತಪ್ಪಾಯಿತು ಎನ್ನಲು ಕಸ್ತೂರಿಬಾಯಿ ಎರಡು ಸಲ ಹೋಗಿ, ಉಪ್ಪು ಕೇಳಿಕೊಂಡು ವಾಪಸು ಬಂದಳು.

ಮುಂದಿನ ಹರಾಜಿನಲ್ಲಿ ಅವಳು ಕಡ್ಡಿ ಅರ್ಧ ಉರಿಯುವುದರೊಳಗೆ ಮೂರು ಸಲ ಸುಮ್ಮನೆ ಉಗುಳಿದಳು. ಮೂರು ಸಲವೂ ದೌಲತರಾಯ ಬಾಯಿ ತೆರೆದು ಮುಚ್ಚಿದ, ಜನ ನಕ್ಕರು. ಕಡೆಗೆ ಬರಿಬಾಯಲ್ಲಿ ಕೂತವಳು ಇದ್ದಕ್ಕಿದ್ದಂತೆ ಕೂಗಿದಾಗ ಅವನು ತಬ್ಬಿಬ್ಬಾದ. ಕೆಂಡ ಆರಿತು, ಮರ ಅವಳಿಗೆ ಬಂದವು.

ಮುಂಗಡ ಕಟ್ಟಿ, ಅಲ್ಲಿಂದ ನೆಟ್ಟಗೆ ಖುರ್ಷಿದಳ ಮನೆಗೆ ಓಡಿದಳು.

"ಗಿಡಾ ನಮಗ ಬಂದ್ವು! ನಾಳಿಂದ ಬಾರಬೇ."

ಖುರ್ಷಿದ ಜೋಳ ಹಸನು ಮಾಡುತ್ತಿದ್ದಳು. "ಎಷ್ಟಕ್ಕ ಹಿಡದಿ?"

"ಸಾವಿರದ ಇನ್ನೂರಾ ಇಪ್ಪತ್ತು."

ಖುರ್ಷಿದ ಮೊರ ಕೆಳಗಿಟ್ಟಳು. ಆಮೇಲೆ, ಆಗಷ್ಟೇ ಚಾವಡಿಯಿಂದ ಬಂದು ಒಳಗೆ ಕೈಕಾಲು ತೊಳೆಯುತ್ತಿದ್ದ ಗಂಡ ಸಲಾವುದ್ದೀನನನ್ನು ಕೂಗಿ ಕೇಳಿದಳು:

"ಏನ್ರೀ, ಹುಣಸಿಗಿಡಾ ಎಷ್ಟಕ್ಕ ಹೋದ್ವು?"

"ಸಾವಿರದ ಇನ್ನೂರಾ ಇಪ್ಪತ್ತು," ಎಂದ ಅವನು ಒಳಗಿನಿಂದ.

ಹೊಸ್ತಿಲಲ್ಲಿ ನಿಂತಿದ್ದ ಕಸ್ತೂರಿಬಾಯಿ ತಲೆ ತಗ್ಗಿಸಿದಳು.

"ಹಂಗಾರ ಬರ್ತೇನಿ," ಎಂದಳು ಖುರ್ಷಿದ.