ಹೇಳಿದಷ್ಟೇ ನಡೆಯುವ ಅಕ್ಕೋರು

ಹುಸೇನಬಿ ಅಕ್ಕೋರು ಗೋಡೆಗೆ ಮೂಗು ಹಚ್ಚಿ, ನಿಂತಲ್ಲೇ ಹೆಜ್ಜೆ ಹಾಕುತ್ತಿದ್ದರು. ಬಾಗಿಲಲ್ಲಿ ಇಣುಕಿದ ಹೆಂಗಸರು “ಪಾಪ, ದೆವ್ವ ಬಡದೈತಿ” ಎಂದು ಲೊಚಗುಟ್ಟಿ ಹೋಗುತ್ತಿದ್ದರು. ತಪ್ಪು ನಮ್ಮದು. ಗೋಡೆಗೆ ಮೂರೇ ಕಲ್ಲು ಉಳಿದಿರುವಾಗ ಐದು ಹೆಜ್ಜೆ ಎಂದು ಕೂಗಿದ್ದೆವು.

ಎಪ್ಪತ್ತರ ದಶಕದ ಮಾತು. ಹೊರ್ತಿ ಸಮೀಪದ ನಮ್ಮೂರ ಬಾಲವಾಡಿ ಪಂಚಾಯಿತಿಯ ಒಂದು ಖೋಲಿಯಲ್ಲಿ ನಡೆಯುತ್ತಿತ್ತು. ಪಾಟಿ ಇಲ್ಲ, ಪುಸ್ತಕ ಇಲ್ಲ. ಇದ್ದದ್ದು ನೆಲಕ್ಕೆ ಹಾಸಿದ ಚೌಕ ಫರಸಿ ಕಲ್ಲು. ಒಂದು ಕಲ್ಲಿಗೆ ಒಂದು ಹೆಜ್ಜೆ. ಆಟದಲ್ಲಿ ನಮಗೆ ಕಲಿಸುವ ಅಕ್ಕೋರೇ ಎತ್ತು, ನಾಲ್ಕೈದು ವರ್ಷದ ಚಿಲ್ಟಾರಿಗಳಾದ ನಾವು ಎತ್ತು ಹೊಡೆಯುವವರು. ಎಷ್ಟು ಹೆಜ್ಜೆ, ಯಾವ ಕಡೆ ತಿರುಗಬೇಕು ಎಂದು ಎಣಿಸಿ ಹೇಳಿ ಅವರನ್ನು ಮೂಲೆಯ ಬೆಲ್ಲದ ಡಬ್ಬಿಗೆ ಮುಟ್ಟಿಸಬೇಕು. ಮುಟ್ಟಿಸಿದರೆ ಎಲ್ಲರಿಗೂ ಶೇಂಗಾ, ಬೆಲ್ಲ. “ನನಗ ಬುದ್ಧಿ ಇಲ್ರಪಾ, ಹೇಳಿದಷ್ಟ ಮಾಡತೇನಿ. ಬುದ್ಧಿ ನಿಮ್ಮ ಕಡಿ ಐತಿ,” ಎನ್ನುತ್ತಿದ್ದರು. ನಮಗೆ ಬುದ್ಧಿ ಇದೆ ಎಂದ ಮೊದಲ ದೊಡ್ಡವರು ಅವರೇ. ಮನೆಯಲ್ಲಿ ಎಲ್ಲರೂ ಬೇರೆಯೇ ಹೇಳುತ್ತಿದ್ದರು.

ಪಂಚಾಯಿತಿ ಚೇರ್ಮನ್ ಗುರುಪಾದಪ್ಪನವರಿಗೆ ಆ ಖೋಲಿ ಗೊಬ್ಬರದ ಚೀಲ ಇಡಲು ಬೇಕಾಗಿತ್ತು. “ಕುಣಿಸಿ ಕುಣಿಸಿ ಹುಡುಗರನ್ನ ಮಂಗ ಮಾಡ್ಯಾಳ, ಒಂದಕ್ಕೂ ಲೆಕ್ಕ ಬರಂಗಿಲ್ಲ” ಎಂದು ಇಂಡಿಯ ತಾಲೂಕು ಕಚೇರಿಗೆ ಅರ್ಜಿ ಬರೆಸಿದರು. ಅಲ್ಲಿಂದ ತಪಾಸಣೆಗೆ ಸಾಹೇಬರು ಬಂದೇಬಿಟ್ಟರು. ಲೆಕ್ಕ ಬಾರದಿದ್ದರೆ ಬಾಲವಾಡಿ ಬಂದ್ ಎಂದು ಬಾಗಿಲಲ್ಲೇ ಹೇಳಿದರು.

“ಏಳಾದ ಮ್ಯಾಲೆ ಎಷ್ಟು?” ಎಂದು ಸಾಹೇಬರು ಕೇಳಿದರೆ ನಾವು ಅವರ ಬೂಟು ನೋಡುತ್ತ ಕೂತೆವು. ಅಂಥ ಬೂಟು ನಾವು ಕಂಡಿರಲೇ ಇಲ್ಲ. ಅಕ್ಕೋರು ಮುಂದೆ ಬಂದರು.

“ಸಾಹೇಬ್ರ, ಬಾಯಿಲೆ ಕೇಳಿದ್ರ ಹೇಳಂಗಿಲ್ರಿ. ಯಾರರೆ ಎತ್ತು ಆಗಬೇಕ್ರಿ.”

ಸಾಹೇಬರು ಚೇರ್ಮನ್‌ರನ್ನು ನೋಡಿದರು. ಚೇರ್ಮನ್‌ರು ತಮ್ಮ ಹಿಂದೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ.

ಕೊನೆಗೆ ತಾವೇ ಧೋತರ ಎತ್ತಿ ಕಟ್ಟಿ ಎತ್ತಾಗಿ ನಿಂತರು. “ಮುಂದ ಮೂರು!” ಎಂದು ನಾನೇ ಕೂಗಿದೆ. ಗತ್ತಿನ ಮನುಷ್ಯ, ಒಂದೊಂದು ಹೆಜ್ಜೆಗೆ ಎರಡೆರಡು ಕಲ್ಲು ದಾಟಿಬಿಟ್ಟರು.

“ನಿಂದರ್ರಿ! ಮೂರಂದ್ರ ಆರು ಹೋದ್ರಿ. ಮೂರು ಹಿಂದ ಬರ್ರಿ!”

“ಬಂದೆ ತಡಿಯವಾ! ಸಾಕಾತೇನು?”

“ಎಡಕ್ಕ ತಿರುಗಿ ಇನ್ನೂ ನಾಕು ಐತ್ರಿ. ಸಣ್ಣ ಹೆಜ್ಜಿ ಇಡ್ರಿ!”

ಎಲ್ಲ ಹುಡುಗರೂ ಬೆರಳು ಮಡಚುತ್ತ ಎಣಿಸಿದರು. ಚೇರ್ಮನ್‌ರು ಬೆವರಿಳಿಸುತ್ತ ಡಬ್ಬಿ ಮುಟ್ಟಿದಾಗ ಸಾಹೇಬರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. “ಇವಕ್ಕ ಕಳಿಯೂದೂ ಬರ್ತೈತಲ್ರಿ ಚೇರ್ಮನ್ರ!” ಬಾಲವಾಡಿ ಉಳಿಯಿತು. ಚೇರ್ಮನ್‌ರು ತಮ್ಮ ಪಾಲಿನ ಬೆಲ್ಲ ಕೇಳಿ ಇಸಿದುಕೊಂಡರು. ಮರುದಿನ ಮೊಮ್ಮಗಳನ್ನೂ ತಂದು ಬಿಟ್ಟರು.

ಎರಡು ವರ್ಷಕ್ಕೆ ಅಕ್ಕೋರಿಗೆ ಸಿಂದಗಿ ಕಡೆ ವರ್ಗವಾಯಿತು. ಬಸ್ಸಿನ ಹತ್ತಿರ ಊರೇ ನೆರೆದಿತ್ತು. ನನಗೆ ಅವರ ಮೇಲೆ ವಿಪರೀತ ಸಿಟ್ಟು. ನಮ್ಮನ್ನು ಕೇಳದೆ ಹೋಗುವುದೆಂದರೇನು! ಅವರ ಟ್ರಂಕು ಮೇಲೇರಿಸಿದವರು ಚೇರ್ಮನ್‌ರೇ. “ಹೊಸ ಅಕ್ಕೋರು ಬರೂತನಕಾ ಖೋಲ್ಯಾಗ ಒಂದು ಚೀಲಾನೂ ಇಡಂಗಿಲ್ರಿ,” ಎಂದರು.

“ಚೀಲದ ಚಿಂತಿ ಇಲ್ರಿ. ಹುಡುಗರು ಹೇಳಿದಂಗ ಕೇಳ್ರಿ, ಎದುರು ಮಾತಾಡಬ್ಯಾಡ್ರಿ,” ಎಂದರು ಅಕ್ಕೋರು. ಬಸ್ಸು ಹೊರಟಿತು. ಮತ್ತೆ ಅವರನ್ನು ನಾವು ನೋಡಲಿಲ್ಲ.

ಊರಲ್ಲಿ ಯಾರ ಮಾತಿಗೂ ತಲೆಯಾಡಿಸದ ಆ ಮನುಷ್ಯ ಬಸ್ಸೆಬ್ಬಿಸಿದ ಧೂಳಿನಲ್ಲಿ ನಿಂತು, ಟವೆಲಿನಿಂದ ಕಣ್ಣೊರೆಸಿಕೊಂಡು, “ಹೂಂರಿ ಅಕ್ಕೋರ,” ಎಂದರು.