ಕಾರು, ಕರು ಮತ್ತು ನನ್ನ ಹೊಟ್ಟೆಕಿಚ್ಚು

ಇವತ್ತು ಮಧ್ಯಾಹ್ನ ಮಗಳನ್ನು ಸ್ಕೂಲಿನಿಂದ ಕರೆದುಕೊಂಡು ಬರುತ್ತಿದ್ದೆ. ಪೊವೇ ರಸ್ತೆಯ ಸಿಗ್ನಲ್ಲಿನಲ್ಲಿ ನಮ್ಮ ಮುಂದೆ ಒಂದು ಬಿಳಿ ಕ್ಯಾರವಾನ್ ನಿಂತಿತ್ತು. ಗೊತ್ತಲ್ಲ ನಿಮಗೆ, ಕಾರಿನ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗುವ ಚಕ್ರದ ಮನೆ. ದೀಪ ಹಸಿರಾಯಿತು. ಕಾರು ಮೊದಲು ಹೊರಟಿತು. ಹಿಂದಿನದು ಒಂದು ಗಳಿಗೆ ಹಟ ಮಾಡಿದಂತೆ ನಿಂತು, ಸರಪಳಿ ಝಣಕ್ಕೆಂದ ಮೇಲೆ ಕುಲುಕುತ್ತಾ ಓಡಿತು. "ಕರು," ಎಂದು ನನ್ನ ಬಾಯಿಂದ ತಾನಾಗಿ ಬಂದುಬಿಟ್ಟಿತು. ಪಕ್ಕದಲ್ಲಿ ಕೂತಿದ್ದ ಅನು ಕಿವಿಗೆ ಸಿಕ್ಕಿಸಿದ್ದ ಇಯರ್‌ಫೋನು ತೆಗೆಯದೆಯೇ ತುಟಿಯಂಚಿನಲ್ಲಿ ನಕ್ಕಳು. ನನಗೆ ಮಾತ್ರ ಹೊಟ್ಟೆಯಲ್ಲಿ ಹಳೆಯ ಜಾಗದಲ್ಲೇ ಚುರುಕ್ ಎಂದಿತು.

ಹೊಟ್ಟೆಕಿಚ್ಚು ಆಸ್ತಿಪಾಸ್ತಿಗೇ ಬರಬೇಕೆಂದೇನಿಲ್ಲ ನೋಡಿ. ನನ್ನ ತಂಗಿ ಸುಮಾ ಬ್ರಿಸ್ಬೇನಿನಲ್ಲಿ ಮನೆ ಕೊಂಡಾಗ ನನಗೆ ಬರಲಿಲ್ಲ. ಅವಳ ಗಂಡ ತಾನೇ ಚಪಾತಿ ಲಟ್ಟಿಸುತ್ತಾನೆಂದು ಗೊತ್ತಾದಾಗ ಸ್ವಲ್ಪ ಬಂತು, ಅಷ್ಟೇ. ಆದರೆ ಒಂದು ಪದದ ಮೇಲೆ ಬಂತಲ್ಲ, ಅದು ಇವತ್ತಿಗೂ ಆರಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಮನೆಯೊಳಗೆ ಬಾಗಿಲು ಹಾಕಿಕೊಂಡು ಕೂತಿದ್ದ ಕಾಲ ಮುಗಿದು ಜನ ಮತ್ತೆ ರೆಕ್ಕೆ ಬಿಚ್ಚುತ್ತಿದ್ದರು. ಸುಮಾ ಮತ್ತು ಅವಳ ಗಂಡ ಇಬ್ಬರೂ ಕೆಲಸಕ್ಕೆ ರಜೆ ಹಾಕಿ, ಮಕ್ಕಳನ್ನು ಸ್ಕೂಲು ಬಿಡಿಸಿ, ಒಂದು ಕ್ಯಾರವಾನ್ ಕೊಂಡು ಆಸ್ಟ್ರೇಲಿಯಾ ಸುತ್ತಲು ಹೊರಟುಬಿಟ್ಟರು. ಹೊರಡುವ ದಿನ ಫ್ಯಾಮಿಲಿ ಗ್ರೂಪಿನಲ್ಲಿ ಎಲ್ಲರಿಗೂ ವಿಡಿಯೋ ಕಾಲ್. ಮೈಸೂರಿನಿಂದ ನಮ್ಮಮ್ಮ, ಲಾಸ್ ಏಂಜಲೀಸಿನ ಕೆಳಗಿರುವ ಈ ಪೊವೇ ಊರಿನಿಂದ ನಾನು. ಅಮ್ಮನಿಗೆ ಆಗಲೇ ಕಿವಿ ಸ್ವಲ್ಪ ಮಂದ.

"ಅದೇನು ಪುಟ್ಟಿ ಹಿಂದೆ ಕಟ್ಟಿರೋದು?" ಎಂದು ಅಮ್ಮ ಸುಮಾಳ ಮಗಳು ಇಂಚರಳನ್ನು ಕೇಳಿದರು. ಆರು ವರ್ಷದ ಹುಡುಗಿ.

"ಕ್ಯಾರವಾನ್, ಅಜ್ಜಿ."

"ಏನಂದೆ? ಕರುವಾ?"

ಬೇರೆ ಮಗುವಾಗಿದ್ದರೆ ಗಟ್ಟಿಯಾಗಿ ಇನ್ನೊಂದು ಸಲ ಕೂಗುತ್ತಿತ್ತು. ಇಂಚರ ಹಿಂತಿರುಗಿ ನೋಡಿದಳು. ಕಾರನ್ನು ನೋಡಿದಳು, ಅದರ ಬೆನ್ನಿಗೆ ಕಟ್ಟಿದ್ದನ್ನು ನೋಡಿದಳು. ಆಮೇಲೆ ಬಲು ಗಂಭೀರವಾಗಿ, "ಹೂಂ ಅಜ್ಜಿ, ಕರು. ಕಾರು ಅಮ್ಮ, ಇದು ಕರು," ಎಂದಳು.

ಅಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನಾನೂ ನಕ್ಕೆ. ನಗುವಾಗಲೇ ಒಳಗೆ ಬೆಂಕಿ ಹತ್ತಿತ್ತು.

ಯಾಕೆ ಅಂತ ಹೇಳುತ್ತೇನೆ, ನ್ಯಾಯ ನೀವೇ ಹೇಳಿ. ನಾವು ಚಿಕ್ಕವರಿದ್ದಾಗ ಮೈಸೂರಿನ ಒಂಟಿಕೊಪ್ಪಲಿನ ಮನೆಯ ಹಿತ್ತಲಲ್ಲಿ ನಮ್ಮಜ್ಜಿ ಒಂದು ಹಸು ಸಾಕಿದ್ದರು. ನಾನು ಮಾತು ಕಲಿತಿದ್ದೆಲ್ಲ ಅಲ್ಲೇ, ಅಜ್ಜಿಯ ಸೆರಗು ಹಿಡಿದು. ಕಲಗಚ್ಚು, ಬೂಸಾ, ಹಸು ಬಸುರಾದರೆ ಗಬ್ಬ, ಒದೆಯುವ ಹಸುವಿಗೆ ಅಜ್ಜಿ ಬಯ್ಯುತ್ತಿದ್ದ, ಇಲ್ಲಿ ಬರೆಯಲಾಗದ ಇನ್ನೂ ಕೆಲವು ಮಾತು. ಸುಮಾಗೆ ಹಸು ಅಂದರೆ ಜೀವ ಹೋಗುವಷ್ಟು ಭಯ. ಗಿಣ್ಣು ಮಾಡಿದ ದಿನ ಮಾತ್ರ ತಟ್ಟೆ ಹಿಡಿದು ಬರುತ್ತಿದ್ದಳು. ಸೆಗಣಿ ಬಾಚಿದವಳು ನಾನು. ಕರು ಹೋಗಿ ಸೇರಿದ್ದು ಅವಳ ಮನೆಗೆ!

ನಮ್ಮನೆಯ ಕತೆ ಕೇಳಿ. ಅನುಗೆ ಆಗ ಒಂಬತ್ತು ವರ್ಷ. ಕನ್ನಡ ಎಲ್ಲ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಊಟಕ್ಕೆ ಬಾರೇ" ಅಂದರೆ "ಇನ್ ಎ ಮಿನಿಟ್". ನಾನು ಅಜ್ಜಿಯ ಮಾತುಗಳನ್ನೆಲ್ಲ ಮನೆಯಲ್ಲಿ ಧಾರಾಳವಾಗಿ ಚೆಲ್ಲುತ್ತಿದ್ದೆ, ಗೋಡೆ ಕನ್ನಡ ಕಲಿತೀತು ಅನ್ನುವಷ್ಟು. ನನಗಿದ್ದ ಆಸೆ ದೊಡ್ಡದೇನಲ್ಲ. ಇವಳು ನನ್ನ ಜೊತೆ ಕನ್ನಡದಲ್ಲಿ ಒಂದು ತಮಾಷೆ ಮಾಡಬೇಕು. ಒಂದೇ ಒಂದು. ಅಷ್ಟಾದರೆ ಇವಳು ನನ್ನ ಮಗಳು ಅಂತ ನನಗೆ ಇನ್ನೊಂದು ಸಲ ಗೊತ್ತಾಗುತ್ತದೆ.

ಅತ್ತ ಗ್ರೂಪಿನಲ್ಲಿ ದಿನವೂ ಕರುವಿನ ಸಮಾಚಾರ. "ಕರು ಕಟ್ಟಿ ಆಯ್ತು, ಹೊರಟ್ವಿ." "ಕರುಗೆ ನೀರು ಕುಡಿಸಿದ್ವಿ," ಅಂದರೆ ಟ್ಯಾಂಕು ತುಂಬಿಸಿದರು ಅಂತ. ಕೆಂಪು ಮಣ್ಣಿನ ರಸ್ತೆ, ಕಾಂಗರೂ, ಸಮುದ್ರದ ಎದುರು ಕೂತು ಉಪ್ಪಿಟ್ಟು ತಿನ್ನುವ ಮಕ್ಕಳು. ಮೈಲುಗಟ್ಟಲೆ ಬೇರೆ ಮನುಷ್ಯರಿಲ್ಲದ್ದರಿಂದ ಮಕ್ಕಳ ಕನ್ನಡ ಹುಲುಸಾಗಿ ಬೆಳೆದುಬಿಟ್ಟಿತ್ತು. ನಾನು ಪ್ರತಿಯೊಂದಕ್ಕೂ ಹೃದಯದ ಚಿತ್ರ ಒತ್ತಿ, ಫೋನು ಮಗುಚಿ ಹಾಕಿ, ಪಾತ್ರೆ ತಿಕ್ಕಲು ಹೋಗುತ್ತಿದ್ದೆ. ಪಾತ್ರೆಗಳು ಆ ವರ್ಷ ಹೊಳೆದ ಹಾಗೆ ಮತ್ತೆಂದೂ ಹೊಳೆದಿಲ್ಲ.

"ನಾವೂ ಹೋಗೋಣ ರೀ," ಎಂದೆ ಗಂಡನಿಗೆ.

"ಎಲ್ಲಿಗೆ?"

"ಎಲ್ಲಿಗಾದರೂ. ಮನೆ ಕಟ್ಕೊಂಡು."

ನಮ್ಮವರು ಸೊರೆಂಟೊ ವ್ಯಾಲಿಯ ಆಫೀಸಿಗೆ ಹೋಗಿ ಬರುವುದನ್ನು ಬಿಟ್ಟರೆ ಹೆಚ್ಚು ಡ್ರೈವ್ ಮಾಡುವವರಲ್ಲ. ಆದರೂ ನನ್ನ ಮುಖ ನೋಡಿ ಒಪ್ಪಿದರು. ಏನನ್ನೋ ಎಳೆದುಕೊಂಡು ರಿವರ್ಸ್ ತೆಗೆಯುವುದು ತಮ್ಮಿಂದಾಗದು ಎಂದು, ಇಂಜಿನ್ನೂ ಮನೆಯೂ ಒಂದೇ ಆಗಿರುವ ಆರ್‌ವಿ ಬಾಡಿಗೆಗೆ ತಂದರು. ಸ್ಕೂಲಿನ ಸ್ಪ್ರಿಂಗ್ ಬ್ರೇಕ್ ರಜೆಯ ಮೊದಲ ದಿನ ಹೊರಟೆವು. ಲಾಸ್ ಏಂಜಲೀಸ್ ದಾಟಿ, ಉತ್ತರದ ದೊಡ್ಡ ಮರಗಳ ಕಾಡಿಗೆ ಹೋಗುವುದೆಂದು ಲೆಕ್ಕ. ನಾನು ಅನುಗೆ ಹೊಸ ಅಂಗಿ ಹಾಕಿಸಿದ್ದೆ, ವಿಡಿಯೋದಲ್ಲಿ ಚೆನ್ನಾಗಿ ಕಾಣಲಿ ಅಂತ.

ಫ್ರೀವೇಯಲ್ಲಿ ಗಾಳಿ ಹೊಡೆದಾಗಲೆಲ್ಲ ಆ ಗಾಡಿ ಮೈ ಓಲಾಡಿಸುತ್ತಿತ್ತು. ನಮ್ಮವರು ಸ್ಟೀರಿಂಗನ್ನು ಪೂರ್ಣಕುಂಭ ಹಿಡಿದ ಹಾಗೆ ಹಿಡಿದು, ಬಲಗಡೆಯ ನಿಧಾನದ ಲೇನು ಬಿಡದೆ ಹೋಗುತ್ತಿದ್ದರು. ಹಿಂದಿನಿಂದ ಹಾರನ್ ಹೊಡೆದವರಿಗೆಲ್ಲ "ಹೋಗಪ್ಪಾ, ಹೋಗು, ಒಳ್ಳೇದಾಗಲಿ" ಎಂದು ಹರಸುತ್ತಿದ್ದರು. ಲಾಸ್ ಏಂಜಲೀಸ್ ದಾಟುವ ಮೊದಲೇ, ವೆಸ್ಟ್ ಕೊವಿನಾ ಹತ್ತಿರ ಒಂದು ತಿರುವಿನಲ್ಲಿ ಅಡುಗೆ ಕಪಾಟಿನ ಬಾಗಿಲು ತೆರೆದುಕೊಂಡು, ಸಾರಿನ ಡಬ್ಬಿ ಹಾರಿ ಬಂದು ನೆಲಕ್ಕೆ ಬಿತ್ತು. ಗಾಡಿಯ ತುಂಬ ಹುಣಸೆಹಣ್ಣು, ಇಂಗು. ಅವರು ಮೊದಲು ಸಿಕ್ಕ ಶಾಪಿಂಗ್ ಸೆಂಟರಿನ ಪಾರ್ಕಿಂಗಿಗೆ ನುಗ್ಗಿಸಿ, ಇಂಜಿನ್ ಆರಿಸಿ, ಕಣ್ಣು ಮುಚ್ಚಿ ಕೂತುಬಿಟ್ಟರು.

ಆ ಹೊತ್ತಿಗೆ ಸರಿಯಾಗಿ ಸುಮಾಳ ಕಾಲ್. ಹಿಂದೆ ನೀಲಿ ಸಮುದ್ರ.

"ಅಕ್ಕಾ, ಎಲ್ಲಿದೀರಾ? ಕಾಡಾ?"

"ಹತ್ತಿರ ಹತ್ತಿರ," ಎಂದೆ, ಕಿಟಕಿಯಾಚೆಯ ಚಪ್ಪಲಿ ಅಂಗಡಿ ಕಾಣದ ಹಾಗೆ ಫೋನು ತಿರುಗಿಸಿ.

ಇಂಚರ ಮುಖ ತೂರಿಸಿದಳು. "ದೊಡ್ಡಮ್ಮ, ನಿಮ್ಮ ಕರು ತೋರ್ಸಿ!"

ಮುಂದೆ ತೋರಿಸಿದೆ, ಹಿಂದೆ ತೋರಿಸಿದೆ. ಮುಂದೆ ಗಂಡ, ಹಿಂದೆ ಒಲೆ.

"ಕರು ಎಲ್ಲಿ ದೊಡ್ಡಮ್ಮ? ಕಳ್ದೋಯ್ತಾ?"

ಅನುವಿನ ತೋಳು ತಿವಿದೆ. "ನೀನು ಹೇಳೇ, ಕನ್ನಡದಲ್ಲಿ ಏನಾದ್ರೂ ಹೇಳು."

"ಅಮ್ಮಾ, ಸ್ಟಾಪ್," ಎಂದು ಅವಳು ಕೆಂಪಾದಳು.

ಸೋತೆ ಅಂದುಕೊಂಡು ಫೋನನ್ನು ಅವಳ ಕೈಗೇ ಕೊಟ್ಟು, ಚಿಂದಿ ತಗೊಂಡು ಸಾರು ಒರೆಸಲು ಕೂತೆ. ನನ್ನ ಬೆನ್ನು ಅತ್ತ ಇತ್ತು. ಆಗ ಕೇಳಿಸಿತು, ನನಗಲ್ಲ, ಇಂಚರಳಿಗೆ ಹೇಳಿದ್ದು, ಮೆಲ್ಲಗೆ:

"ನಮ್ ಕರು ಇನ್ನೂ ಹೊಟ್ಟೆ ಒಳಗೇ ಇದೆ."

ಆ ಕಡೆಯಿಂದ ಸುಮಾ ಕಿರುಚಿಕೊಂಡು ನಕ್ಕಳು. ನಮ್ಮವರು ಕಣ್ಣು ಬಿಟ್ಟು, "ಅಯ್ಯೋ, ಗಬ್ಬದ ಹಸು ಓಡಿಸ್ತಿದೀನಾ ನಾನು! ಅದಕ್ಕೇ ಮೇಲೆ ಹತ್ತಲ್ಲ ಇದು," ಎಂದರು. ನಾನು ಸಾರಿನ ಮಧ್ಯೆ ಹಾಗೇ ಕೂತಿದ್ದೆ. ಇಂಚರ ಹೇಳಿದ್ದು ಕಿವಿ ಮಂದವಾದ ಅಜ್ಜಿ ಎತ್ತಿಕೊಟ್ಟ ಮಾತು. ಇದನ್ನು ಯಾರೂ ಎತ್ತಿಕೊಟ್ಟಿರಲಿಲ್ಲ. ಸುಮಾ, ತಗೋ, ಎಂದುಕೊಂಡೆ ಮನಸ್ಸಿನಲ್ಲೇ.

ಅಲ್ಲಿಗೆ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಇರಲಿಲ್ಲ. "ಇನ್ನೊಂದ್ಸಲ ಹೇಳು ಚಿನ್ನ, ರೆಕಾರ್ಡ್ ಮಾಡ್ತೀನಿ, ಅಜ್ಜಿಗೆ ಕಳಿಸೋಣ," ಎಂದು ಒದ್ದೆ ಕೈಯಲ್ಲೇ ಫೋನು ಹಿಡಿದೆ. ಅನು ಮೇಲಿನ ಮಂಚ ಹತ್ತಿ ಪರದೆ ಎಳೆದುಕೊಂಡಳು. ಆ ಪರದೆ ಒಂದು ರೀತಿಯಲ್ಲಿ ಮತ್ತೆ ಸರಿಯಲೇ ಇಲ್ಲ ಅನ್ನಿ. ನಾನು ಬಿಡದೆ ಅವಳ ಮಾತನ್ನು ಗ್ರೂಪಿನಲ್ಲಿ ಬರೆದು ಹಾಕಿದೆ. ಕಾಡು ತಲುಪಲಿಲ್ಲ; ಒಂದು ರಾತ್ರಿ ಸಮುದ್ರದ ಪಕ್ಕ ಕಳೆದು ಪೊವೇಗೆ ವಾಪಸ್ಸಾದೆವು.

ಇವತ್ತು ಸಂಜೆ, ಅಂದರೆ ಮೈಸೂರಿನ ಬೆಳಗ್ಗೆ, ಅಮ್ಮನ ಫೋನು ಬಂತು. ಸ್ಪೀಕರಿನಲ್ಲಿಟ್ಟು ಬೀನ್ಸ್ ಹೆಚ್ಚುತ್ತಿದ್ದೆ. ದಾರಿಯಲ್ಲಿ ಕ್ಯಾರವಾನ್ ಕಂಡಿದ್ದನ್ನು ಹೇಳಿದೆ. ಅಮ್ಮನಿಗೆ ಖುಷಿಯೋ ಖುಷಿ. "ಇಂಚರ ಅವತ್ತು ಎಂಥಾ ಮಾತು ಹೇಳಿಬಿಟ್ಲು ಅಲ್ವೇನೇ! ಕಾರು ಅಮ್ಮ, ಇದು ಕರು. ಆಮೇಲೆ ಇನ್ನೊಂದು ಹೇಳಿದ್ಲಲ್ಲ, ಕರು ಇನ್ನೂ ಹೊಟ್ಟೆ ಒಳಗೇ ಇದೆ ಅಂತ. ಆಚೆ ಮನೆಯವರಿಗೂ ಹೇಳಿದೀನಿ. ಜಾಣೆ ಕಣೇ, ಸುಮಾ ಮಗಳು."

ಚಾಕು ನಿಂತಿತು. ಅದು ನನ್ನ ಮಗಳು ಹೇಳಿದ್ದು! ಇಷ್ಟು ವರ್ಷದಲ್ಲಿ ನಮ್ಮನೆಯ ಹೆಸರಿನಲ್ಲಿದ್ದ ಒಂದೇ ಒಂದು ಕರು, ಅದನ್ನೂ ಬಿಚ್ಚಿಕೊಂಡು ಹೋಗಿ ಅವಳ ಹಿತ್ತಲಲ್ಲಿ ಕಟ್ಟಿದ್ದರು. "ಅಮ್ಮಾ, ಸ್ವಲ್ಪ ಇಲ್ಲಿ ಕೇಳು," ಎಂದು ಧ್ವನಿ ಏರಿಸಿದೆ.

ಫ್ರಿಜ್ಜಿನ ಬಾಗಿಲಲ್ಲಿ ಹಾಲು ಹುಡುಕುತ್ತಿದ್ದ ಅನು ತಿರುಗಿ ನನ್ನನ್ನು ನೋಡಿದಳು. ಹನ್ನೆರಡು ವರ್ಷದ ಮುಖ, ನನಗಿಂತ ಸಮಾಧಾನ. "ಬಿಡಮ್ಮ," ಎಂದಳು. "ಹೋಗ್ಲಿ. ಐ ಹ್ಯಾವ್ ಮೋರ್."

"ಏನು? ಇನ್ನೂ ಇದೆಯಾ? ಏನೇನಿದೆ?"

"ಹೇಳಲ್ಲ."

"ಯಾಕೇ?"

"ನೀನು ಗ್ರೂಪಿಗೆ ಹಾಕ್ತೀಯ."

ಅಚ್ಚ ಕನ್ನಡದಲ್ಲಿ, ಒಂದು ತೊದಲಿಲ್ಲದೆ, ನನ್ನ ಕಣ್ಣಲ್ಲಿ ಕಣ್ಣಿಟ್ಟು. ಅಮ್ಮ ಆ ಕಡೆಯಿಂದ "ಏನಂತೆ? ಏನಂತೆ?" ಎನ್ನುತ್ತಲೇ ಇದ್ದರು. "ಏನಿಲ್ಲಮ್ಮ, ಆಮೇಲೆ ಮಾಡ್ತೀನಿ," ಎಂದೆ. ಯಾರು ಹೇಳಿದ್ದು ಅನ್ನುವುದನ್ನು ತಿದ್ದಲಿಲ್ಲ. ಫೋನು ಆರಿಸಿ ಡ್ರಾಯರಿನಲ್ಲಿಟ್ಟು, ಡ್ರಾಯರು ಮುಚ್ಚಿ, ಎರಡು ಕೈಯನ್ನೂ ಎತ್ತಿ ತೋರಿಸಿ, ಅವಳೆದುರು ಕುರ್ಚಿ ಎಳೆದುಕೊಂಡು ಕೂತೆ. ಅನು ಅನುಮಾನದಿಂದ ಡ್ರಾಯರನ್ನು ಒಮ್ಮೆ ನೋಡಿದಳು, ಹಾಲು ಕುಡಿದಳು, ಬಾಯೊರೆಸಿಕೊಂಡು ಒಂದು ತಮಾಷೆ ಹೇಳಿದಳು. ಅದಕ್ಕೆ ನಾನು ನಕ್ಕಿದ್ದು ನೋಡಿ ಇನ್ನೊಂದು ಹೇಳಿದಳು.

ಏನು ಅಂತ ಕೇಳಬೇಡಿ. ಇಷ್ಟು ಹೊತ್ತು ಜೊತೆಗಿದ್ದಿರಿ, ನಿಜ. ಆದರೂ ಹೇಳುವುದಿಲ್ಲ. ಬೇಕಿದ್ದರೆ ನೀವೂ ಸ್ವಲ್ಪ ಹೊಟ್ಟೆಕಿಚ್ಚು ಪಡಿ.