ಗೆಂಡೆ ಮೀನಿನ ಗುಂಡಿಗೆ

ನಾನು ಪುಕ್ಕಲ. ಕಲಬುರಗಿಯ ಬ್ರಹ್ಮಪುರದ ನಮ್ಮ ಓಣಿಯಲ್ಲಿ ಇದು ಯಾರಿಗೂ ಗೊತ್ತಿಲ್ಲ. ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತನಾದವನು ಎಂಬ ಗೌರವದಿಂದ, ಯಾರ ಮನೆಗೆ ಹಾವು ಬಂದರೂ ಮೊದಲು ನನ್ನನ್ನು ಕರೆಯುತ್ತಾರೆ. ನಾನು ಕಿಟಕಿಯ ಈಚೆ ನಿಂತು ಅದರ ಕುಲಗೋತ್ರ ವಿವರಿಸುತ್ತೇನೆ. ಹಿಡಿಯುವುದಕ್ಕೆ ಬೇರೆಯವರು ಬರುತ್ತಾರೆ. ಜ್ಞಾನಕ್ಕೂ ಧೈರ್ಯಕ್ಕೂ ಸಂಬಂಧವಿಲ್ಲ ಎಂಬುದಕ್ಕೆ ನನಗಿಂತ ಒಳ್ಳೆಯ ಉದಾಹರಣೆ ನಮ್ಮ ಜಿಲ್ಲೆಯಲ್ಲಿ ಸಿಗಲಿಕ್ಕಿಲ್ಲ.

ಹೋದ ಮಳೆಗಾಲದಲ್ಲಿ ಮಾಳಿಗೆಯ ಮೆಟ್ಟಿಲು ಹತ್ತುವಾಗ ಎದೆಯನ್ನು ಯಾರೋ ಹಿಂಡಿದ ಹಾಗಾಯಿತು. ಹೆಂಡತಿಗೆ ಗ್ಯಾಸ್ ಎಂದೆ. ಕದ್ದು ವೈದ್ಯರನ್ನು ಕಂಡೆ. ಅವರು ಪರೀಕ್ಷೆ ಮಾಡಿ, ಮಣಿಕಟ್ಟಿನ ರಕ್ತನಾಳದೊಳಗೆ ಸಣ್ಣ ನಳಿಕೆ ತೂರಿಸಿ ಗುಂಡಿಗೆಯವರೆಗೆ ಒಯ್ದು ನೋಡಬೇಕಾಗುತ್ತದೆ, ಆಂಜಿಯೋಗ್ರಾಂ, ಸೋಮವಾರ ಬಂದುಬಿಡಿ, ತಡ ಮಾಡಬೇಡಿ ಎಂದರು. ಮದುವೆಗೆ ಕರೆದಷ್ಟು ಸಲೀಸಾಗಿ ಹೇಳಿದರು. ಎಷ್ಟೋ ಕಪ್ಪೆಗಳ ಗುಂಡಿಗೆಯನ್ನು ವಿದ್ಯಾರ್ಥಿಗಳಿಗೆ ಬಿಡಿಸಿ ತೋರಿಸಿದವನು ನಾನು. ಆ ಕಪ್ಪೆಗಳೆಲ್ಲ ಸಾಲಾಗಿ ಬಂದು ಎದುರು ಕೂತಂತೆ ಅನ್ನಿಸಿತು.

ಭಾನುವಾರವೇ ಕಮಲಾಪುರದ ಬಸ್ಸು ಹತ್ತಿದೆ. ಕೆಂಪು ಬಾಳೆಹಣ್ಣು ತರುತ್ತೇನೆಂದು ಮನೆಯಲ್ಲಿ ಹೇಳಿದ್ದೆ. ಸಾವಿಗೆ ಹೆದರಿ ಓಡಿಹೋದವರು ಪುರಾಣಗಳಲ್ಲಿ ಕಾಡಿಗೋ ಪಾತಾಳಕ್ಕೋ ಹೋಗುತ್ತಾರೆ. ನಾನು ಅಕ್ಕನ ಮನೆಗೆ ಹೋದೆ.

ಅಕ್ಕನ ಬಾಳೆತೋಟದಲ್ಲಿ ಒಂದು ಹೊಂಡವಿದೆ. ಸೊಳ್ಳೆ ಕಡಿಮೆಯಾಗಲಿ ಎಂದು ಮಾಮಾ, ಅಂದರೆ ಅಕ್ಕನ ಗಂಡ, ಅದರಲ್ಲಿ ಕೆಲವು ಗೆಂಡೆ ಮೀನಿನ ಮರಿ ಬಿಟ್ಟಿದ್ದರು. ಹೊಸ್ತಿಲೊಳಗೆ ಮೊಟ್ಟೆಯೂ ಬಾರದ ಮನೆ ಅದು. ಮೀನು ಹಿಡಿಯುವಂತಿಲ್ಲ, ಮಾರುವಂತಿಲ್ಲ, ತಿನ್ನುವ ಮಾತಂತೂ ದೂರ. ಹೀಗಾಗಿ ಅವು ಅಳಿಯಂದಿರ ಹಾಗೆ ಉಂಡು, ಬೆಳೆದು, ಸಂಸಾರ ಹೆಚ್ಚಿಸಿಕೊಂಡವು. ಅಕ್ಕ ದಿನಾ ಬೆಳಿಗ್ಗೆ ರೊಟ್ಟಿ ಮುರಿದು ಹಾಕುತ್ತಾಳೆ. ಶ್ರಾವಣದಲ್ಲಿ ಬಂದ ನೆಂಟರೂ ಪುಣ್ಯ ಬರಲಿ ಎಂದು ಹೋಳಿಗೆ, ಮಂಡಕ್ಕಿ ಚೆಲ್ಲುತ್ತಾರೆ. ಮೀನು ತಿಂದು ಮಿಕ್ಕಿದ ಪುಣ್ಯವೆಲ್ಲ ತಳದಲ್ಲಿ ಕೊಳೆಯುತ್ತಿತ್ತು.

ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಅಕ್ಕ ಬಂದು ಹೊದಿಕೆ ಎಳೆದಳು.

“ತಮ್ಮಾ, ಜಲ್ದಿ ಏಳು. ಮೀನಿಗಿ ಏನೋ ಆಗ್ಯಾದ. ಎಲ್ಲಾ ಮ್ಯಾಲ ಬಂದು ಬಾಯಿ ತೆರದು ನಿಂತಾವ. ಹಸದಾವ ಅಂತ ರೊಟ್ಟಿ ಒಗದೆ. ಮುಟ್ಟವಲ್ಲವು.”

ಹೋಗಿ ನೋಡಿದೆ. ಮೂರು ದಿನದಿಂದ ಮೋಡ ಮುಚ್ಚಿ ಗಾಳಿಯೇ ಇರಲಿಲ್ಲ. ಹಸಿರುಗಟ್ಟಿದ ನೀರಿನ ಮೇಲೆಲ್ಲ ದುಂಡನೆಯ ಬಾಯಿಗಳು ತೆರೆದು ಮುಚ್ಚುತ್ತಿದ್ದವು. ಸದ್ದೇ ಇಲ್ಲ. ಅಷ್ಟು ಬಾಯಿಗಳು ಒಟ್ಟಿಗೆ ಬೇಡುತ್ತಿದ್ದರೂ ಒಂದು ದನಿಯೂ ಇಲ್ಲದ್ದು ನನಗೆ ತುಂಬ ಭಯ ಹುಟ್ಟಿಸಿತು. ನೀರಿನಲ್ಲಿ ಆಮ್ಲಜನಕ ತೀರುತ್ತ ಬಂದಿತ್ತು.

ಇಂಥ ಹೊತ್ತಿನಲ್ಲಿ ಮೀನಿನ ಗುಂಡಿಗೆ ಏನು ಮಾಡುತ್ತದೆ ಎಂಬುದನ್ನು ಕಾಲೇಜಿನಲ್ಲಿ ವರ್ಷಗಟ್ಟಲೆ ಹೇಳಿದ್ದೇನೆ. ಪಾಪದ ಗುಂಡಿಗೆ ಅದು, ಎರಡೇ ಕೋಣೆ. ಎಷ್ಟೋ ಮೀನುಗಳಲ್ಲಿ ಅದಕ್ಕೆಂದೇ ಬೇರೆ ರಕ್ತನಾಳವೂ ಇರುವುದಿಲ್ಲ. ಕಿವಿರಿನಿಂದ ಹೊರಟ ಒಳ್ಳೆಯ ರಕ್ತ ಮೈಯೆಲ್ಲ ಸುತ್ತಿ, ಎಲ್ಲರೂ ತಮ್ಮ ತಮ್ಮ ಪಾಲು ತೆಗೆದುಕೊಂಡ ಮೇಲೆ, ಉಳಿದದ್ದರಲ್ಲೇ ಅದು ಬದುಕಬೇಕು. ನೀರಿನಲ್ಲಿ ಉಸಿರು ಕಡಿಮೆಯಾಯಿತೆಂದು ಕಿವಿರು ಸುದ್ದಿ ಕಳಿಸಿದ ಕೂಡಲೇ ಆ ಗುಂಡಿಗೆ ಗಾಬರಿಯಾಗಿ ಓಡುವುದಿಲ್ಲ, ನಿಧಾನವಾಗುತ್ತದೆ. ಬಡಿತ ಕಡಿಮೆ ಮಾಡಿ, ಒಂದೊಂದು ಬಡಿತವನ್ನೂ ತುಂಬಿಸಿ ಬಡಿಯುತ್ತದೆ. ಅಷ್ಟರಲ್ಲಿ ರಕ್ತಕ್ಕೂ ಇದ್ದಬದ್ದ ಉಸಿರನ್ನು ಹೀರಲು ಪುರುಸೊತ್ತು ಸಿಗುತ್ತದೆ. ಚಳಿದೇಶದಲ್ಲಿ ಗೆಂಡೆಯ ದಾಯಾದಿಯೊಂದು ಹಿಮದ ಕೆಳಗೆ ಉಸಿರೇ ಇಲ್ಲದೆ ತಿಂಗಳುಗಟ್ಟಲೆ ಇರುತ್ತದಂತೆ, ಮೈಯಲ್ಲೇ ಒಂದಿಷ್ಟು ಮದ್ಯ ತಯಾರಿಸಿಕೊಂಡು. ಒಮ್ಮೆ ಇದನ್ನು ಹೇಳಿದಾಗ ಅಕ್ಕ, “ನಮ್ಮವು ಅಂಥಾ ಮನಿತನದವು ಅಲ್ಲ” ಎಂದಿದ್ದಳು.

ನನ್ನ ಗುಂಡಿಗೆಗೆ ನಾಲ್ಕು ಕೋಣೆ, ಸ್ವಂತ ರಕ್ತನಾಳ, ಎಲ್ಲ ಅನುಕೂಲವೂ ಇದೆ. ಹೊಂಡದ ದಂಡೆಯಲ್ಲಿ ನಿಂತಾಗ ಅದು ದಿಕ್ಕೆಟ್ಟ ಕರುವಿನ ಹಾಗೆ ಓಡುತ್ತಿತ್ತು.

“ನೀರು ಕಲಕಬೇಕು ಅಕ್ಕಾ, ಪಂಪು ಹಚ್ಚು” ಎಂದೆ.

“ಕರೆಂಟ್ ಈಗೆಲ್ಲಿ ಅದ? ಹತ್ತಕ್ಕ ಬರ್ತದ.”

ಅಕ್ಕ, ಮಾಮಾ, ನಾನು ಬಕೆಟ್ಟು ಕೊಡ ಹಿಡಿದು ನೀರು ಮೊಗೆದು ಎತ್ತರದಿಂದ ಸುರಿಯತೊಡಗಿದೆವು. ಸುರಿದ ಕಡೆ ಮೀನುಗಳು ಒತ್ತಿ ಬಂದವು. ಸುರಿಯುತ್ತಲೇ, ಇದರಿಂದ ಪೂರ್ತಿ ಆಗುವುದಿಲ್ಲ, ಹೊಂಡದಲ್ಲಿ ಮೀನು ಹೆಚ್ಚಾಗಿವೆ, ಅರ್ಧದಷ್ಟನ್ನು ಇವತ್ತೇ ಬಲೆ ಹಾಕಿಸಿ ಹಿಡಿಸದಿದ್ದರೆ ಎಲ್ಲವೂ ಸಾಯುತ್ತವೆ ಎಂದೆ. ಅಕ್ಕ ಕೊಡ ಕೆಳಗಿಟ್ಟಳು.

“ಕೈಯಾರೆ ರೊಟ್ಟಿ ಹಾಕಿ ಬೆಳಸೀನಿ. ನಾನೇ ಬಲಿ ಹಾಕಿಸ್ಲ್ಯಾ? ನನಗ ಹೆದರಿಕಿ ಬರ್ತದೋ. ಆ ಪಾಪ ಎಲ್ಲಿ ತೊಳಕೊಳ್ಲಿ?”

ಉತ್ತರ ಕೊಡಬೇಕೆಂದು ಬಾಯಿ ತೆರೆದೆ. ಎದೆ ಹಿಡಿಯಿತು. ಎಡತೋಳಿನವರೆಗೂ ಎಳೆಯಿತು. ಬಕೆಟ್ಟು ಬಿಟ್ಟು ದಂಡೆಯ ಮೇಲೆ ಕುಸಿದೆ. ಗಾಳಿಗಾಗಿ ಬಾಯಿ ತೆರೆದು ಮುಚ್ಚಿದೆ, ನೀರಿನಲ್ಲಿದ್ದವರಂತೆಯೇ. ಸತ್ತೇಹೋದೆ ಅಂದುಕೊಂಡೆ. ಅಷ್ಟು ನಿಚ್ಚಳವಾದ ಭಯ ನನಗೆ ಅದಕ್ಕೆ ಮುಂಚೆ ಗೊತ್ತಿರಲಿಲ್ಲ.

ನೋವು ಸ್ವಲ್ಪ ಇಳಿದಾಗ ಅಕ್ಕ ನನ್ನ ಎದೆ ಸವರುತ್ತಿದ್ದಳು. ಮಾಮಾ ಕಾರು ತರಲು ಓಡಿದ್ದರು. ಸೋಮವಾರದ ಆಂಜಿಯೋಗ್ರಾಂ, ಗ್ಯಾಸು, ಬಾಳೆಹಣ್ಣಿನ ನೆಪ ಎಲ್ಲವನ್ನೂ ಹೇಳಿದೆ. ದವಾಖಾನೆಗೆ ಮಾತ್ರ ಒಯ್ಯಬೇಡಿರೆಂದೂ ಹೇಳಿದೆ, ನಾಚಿಕೆಯಿಲ್ಲದೆ.

ಅಕ್ಕ ಬಯ್ಯಲಿಲ್ಲ. ಹೊಂಡದ ಕಡೆ ಒಮ್ಮೆ ನೋಡಿದಳು, ನನ್ನ ಕಡೆ ಒಮ್ಮೆ.

“ನಿನಗ ನಳಿಕಿ ಹೆದರಿಕಿ, ನನಗ ಬಲಿ ಹೆದರಿಕಿ. ಹಿಂಗೇ ಕುಂತ್ರ ನೀನೂ ಸಾಯ್ತಿ, ಅವೂ ಸಾಯ್ತಾವ. ನೀ ಕಾರ್ ಹತ್ತು. ನಾ ಕೆರಿ ಮೀನ ಹಿಡಿಯೋರಿಗಿ ಫೋನ್ ಮಾಡ್ತೀನಿ. ನಿನ್ನ ಹೆಂಡ್ತಿಗೂ ಮಾಡ್ತೀನಿ.”

“ನೀನೂ ಬಾ ಅಕ್ಕಾ.”

“ನಾ ಬಂದ್ರ ಇಲ್ಲಿ ಯಾರು ನಿಂದರಬೇಕು? ಹೋಗು.”

ದಾರಿಯುದ್ದಕ್ಕೂ ಎದೆಗೆ ಪಾಠ ಹೇಳಿದೆ. ನಿಧಾನವಾಗು, ಮೀನನ್ನು ನೋಡಿ ಕಲಿ ಎಂದೆ. ಅದು ನನ್ನ ಹಿಂದಿನ ಬೆಂಚಿನ ವಿದ್ಯಾರ್ಥಿಗಳಷ್ಟೇ ಗಮನ ಕೊಟ್ಟಿತು. ಕಲಬುರಗಿ ಬಂತು, ಕೋಟೆಯ ಗೋಡೆ ಕಂಡಿತು, ಅಷ್ಟು ದಪ್ಪ ಗೋಡೆ ಕಟ್ಟಿದವರೂ ಹೆದರಿದವರೇ ಇರಬೇಕು ಎಂದು ಕೊಂಚ ಸಮಾಧಾನ ಮಾಡಿಕೊಂಡೆ. ದವಾಖಾನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳು ಏನೂ ಕೇಳದೆ ಕೈ ಹಿಡಿದದ್ದು ಬೈಗುಳಕ್ಕಿಂತ ಹೆಚ್ಚು ನಾಟಿತು.

ಮಧ್ಯಾಹ್ನ ಹಸಿರು ಅಂಗಿ ತೊಡಿಸಿ ಗಾಲಿಮಂಚದ ಮೇಲೆ ಮಲಗಿಸಿದ್ದರು. ಇನ್ನೇನು ಒಳಗೆ ತಳ್ಳಬೇಕು, ಹೆಂಡತಿ ಫೋನನ್ನು ಕಿವಿಗೆ ಹಿಡಿದಳು. ಅಕ್ಕ.

“ತಮ್ಮಾ, ಹಿಡದ್ರು. ಅರ್ಧ ಒಯ್ದ್ರು. ಉಳದವು ಕೆಳಗ ಇಳದಾವ, ಈಗ ಕಾಣವಲ್ಲವು.”

“ನೀ ಅಲ್ಲೇ ಇದ್ದ್ಯಾ?”

“ಇದ್ದೆ. ಎಲ್ಲಾ ನೋಡಿದೆ. ಕೈ ಇನ್ನಾ ನಡುಗ್ಲಕತ್ತಾವ. ಇಡ್ತೀನಿ, ನೀ ಹೋಗು.”

ಧೈರ್ಯ ಬಂದ ಮೇಲೆ ಹೋದರಾಯಿತು ಎಂದು ನಾನು ಕಾದಿದ್ದೆ. ಅಕ್ಕನಿಗೂ ಅದು ಬಂದಿರಲಿಲ್ಲ, ಬಾರದೆಯೇ ನಿಂತು ನೋಡಿದ್ದಳು. ಒಳಗೆ ದೊಡ್ಡ ದೀಪ, ಪರದೆಯ ಮೇಲೆ ನನ್ನ ಬಡಿತ ಎದ್ದುಬಿದ್ದು ಓಡುತ್ತಿತ್ತು. ಕೈ ಕೊಡ್ರಿ ಸರ್, ಎಂದರು ವೈದ್ಯರು. ನಾನು ಮುಷ್ಟಿ ಬಿಚ್ಚಿ, ನಡುಗುತ್ತಿದ್ದ ಕೈಯನ್ನೇ ಚಾಚಿದೆ.